ಜಾಗಾ ಹಿಡಿದವಳು

ಜನವರಿ 7, ಮಂಗಳವಾರ

ಇವತ್ತು ಮೊದಲ ಸಲ ಬಸಕ್ಕನವರ ಹತ್ತಿರ ಹೋಗಿ ಬಂದೆ. ಅವರ ಮಗ ಸುನಿಲಕುಮಾರನ ಮನೆ ನಾವಿರುವ ಜರ್ಮನ್ ಊರು ಅಬ್‌ಸ್ಟಾಟ್‌ನ ಅಂಚಿನಲ್ಲಿ, ದ್ರಾಕ್ಷಿ ತೋಟ ಶುರುವಾಗುವ ಕಡೆ. ನಮ್ಮ ಮನೆಯಿಂದ ಹನ್ನೆರಡು ನಿಮಿಷದ ನಡಿಗೆ. ಸುನಿಲ ನಮ್ಮ ಯಜಮಾನರ ಆಫೀಸಿನವನು, ಗದಗಿನ ಕಡೆಯವನು. ಹೆಂಡತಿ ಮೇಘಾಗೆ ದೂರದ ನೊಯ್‌ಬಿಬರ್ಗ್‌ನಲ್ಲಿ ಕೆಲಸ. ಶುಕ್ರವಾರ ಸಂಜೆ ಬಂದು ಭಾನುವಾರ ಹೊರಟುಬಿಡುತ್ತಾಳೆ.

ಬಸಕ್ಕನವರಿಗೆ ಎಪ್ಪತ್ತೇಳು. ನವೆಂಬರಿನಲ್ಲಿ ಲಕ್ವಾ ಹೊಡೆಯಿತು. ಕೈಕಾಲು ಹದಿನೈದು ದಿನದಲ್ಲಿ ಮರಳಿದವು, ಮಾತು ಮರಳಲಿಲ್ಲ. ಎಲ್ಲ ತಿಳಿಯುತ್ತದೆ, ಬಾಯಿಗೆ ಮಾತ್ರ ಒಂದು ಪದವೂ ಬರುವುದಿಲ್ಲ. ಕಿಟಕಿಯ ಪಕ್ಕದ ಹಸಿರು ಕುರ್ಚಿಯಲ್ಲಿ, ಮೊಣಕಾಲ ಮೇಲೆ ಕೌದಿ ಹಾಕಿಕೊಂಡು ಕೂತಿದ್ದರು. ಕೌದಿಯ ತುಂಬ ಜರಿಯ ತುಂಡುಗಳು, ಉದುರಿಹೋದ ಚಮಕಿಯ ದಾರಗಳು. ನಾಟಕ ಕಂಪನಿ ಮುಚ್ಚಿದ ವರ್ಷ ತಮ್ಮ ಪಾತ್ರಗಳ ಸೀರೆಗಳನ್ನೆಲ್ಲ ಕತ್ತರಿಸಿ ಹೊಲಿದದ್ದಂತೆ. ಒಂಬತ್ತನೇ ವಯಸ್ಸಿಗೆ ಬಾಲಪಾತ್ರಕ್ಕೆ ಬಂದವರು ಹದಿನೇಳಕ್ಕೆ ನಾಯಕಿಯಾದರು. ಮುಂದೆ ಇಪ್ಪತ್ತೈದು ವರ್ಷ ಉತ್ತರ ಕರ್ನಾಟಕದ ಊರೂರಿನ ಕ್ಯಾಂಪುಗಳಲ್ಲಿ ಹಾಡಿದ್ದಾರೆ, ಮೈಕು ಕೆಟ್ಟ ದಿನವೂ ನೆಲದ ಕ್ಲಾಸಿನ ಕೊನೆಯ ಸಾಲಿಗೆ ಮುಟ್ಟುವ ಹಾಗೆ.

ಅಡುಗೆಮನೆಯಲ್ಲಿ ಸುನಿಲ ದನಿ ತಗ್ಗಿಸಿ ಹೇಳಿದ: "ವೈನಿ, ಡಾಕ್ಟರ್ ಖಡಾಖಡಿ ಹೇಳ್ಯಾರ. ಫೋನ್ ಎತ್ತಿ ತನ್ನ ಹೆಸರು, ಎಲ್ಲಿ ನೋವಾಗೇತಿ, ಇಷ್ಟ ಹೇಳಾಕ ಬಂದ್ರ ಹಗಲ ಹೊತ್ತ ಒಬ್ಬಾಕಿನ್ನ ಬಿಡಬಹುದಂತ. ಇಲ್ಲಂದ್ರ ಫ್ಲೇಗೆಹೈಮ್‌ಗೆ ಹಾಕ್ರಿ ಅಂತಾರ. ನನ್ನ ಹೋಮ್ ಆಫೀಸ್ ಏಪ್ರಿಲ್ ಮಟಾ ಅಷ್ಟ."

"ವೃದ್ಧರನ್ನ ಅಲ್ಲಿ ಛೊಲೋ ನೋಡ್ಕೋತಾರಲ್ಲಪ್ಪಾ."

"ನೋಡ್ಕೋತಾರ. ಆದ್ರ ಕನ್ನಡದಾಗ 'ಯವ್ವಾ' ಅನ್ನಾಕ ಯಾರದಾರ ಅಲ್ಲಿ? ನಮ್ಮವ್ವ ಎರಡ ತಿಂಗಳ ಉಳಿಯೂದಿಲ್ಲ ವೈನಿ."

ಮಂಗಳವಾರ, ಶುಕ್ರವಾರ ಹತ್ತರಿಂದ ಹನ್ನೆರಡರವರೆಗೆ ಬರುತ್ತೇನೆಂದು ಒಪ್ಪಿಕೊಂಡೆ. ಇವತ್ತು ಎರಡು ತಾಸೂ ನಾನೇ ಮಾತಾಡಿದೆ. ಮನೆಗೆ ಬಂದು ಹೇಳಿದರೆ ಇವರು ನಗುತ್ತಾರೆ: "ಅಂತೂ ಧಾರವಾಡ ಆಕಾಶವಾಣಿಗೆ ಎದ್ದು ಹೋಗದ ಶ್ರೋತೃ ಒಬ್ಬಾಕಿ ಸಿಕ್ಕಳಲ್ಲ!"

ಜನವರಿ 10, ಶುಕ್ರವಾರ

ಮಾತು ಕಲಿಸುವ ಫ್ರೌ ಕೆಸ್ಲರ್ ಬಂದಿದ್ದರು. ಮಾತು ಇರುವ ಜಾಗ, ಹಾಡು ಇರುವ ಜಾಗ ತಲೆಯಲ್ಲಿ ಬೇರೆ ಬೇರೆ. ಹಾಡು ಉಳಿದಿದ್ದರೆ ಅದರ ಬಾಲ ಹಿಡಿದು ಮಾತನ್ನು ಎಳೆಯಬಹುದು ಎಂದರು. ನಾನು ಒಂದು ಸಾಲು ಹಾಡಿ ಕೊನೆಯ ಪದ ಬಿಡಬೇಕು, ಬಸಕ್ಕ ತುಂಬಬೇಕು.

ಬಸಕ್ಕನವರ ಟ್ರಂಕಿನಲ್ಲಿ ಒಂದು ಹಾಡಿನ ವಹಿ ಇತ್ತು. ಪೆನ್ಸಿಲ್ ಬರಹ, ಅರ್ಧ ಅಳಿಸಿದೆ. ಹೆಚ್ಚು ಮಾಸಿದ ಪುಟವನ್ನೇ ತೆಗೆದೆ. ವಿಷ ಕುಡಿದ ರಾಣಿ ಸಾಯುತ್ತ ಹಾಡುವ ಹಾಡು. ರಾಗ ತಿಳಿಯದೆ ನನ್ನ ಒಡಕು ಗಂಟಲಲ್ಲಿ ಓದಿದಂತೆ ಹಾಡಿದೆ: "ಸಖಿಯೆ, ದೀಪವ ಸಣ್ಣಗೆ ಮಾಡೆ, ಸಾಕಾಯಿತೀ…"

"ಬೆಳಕೆ!" ಎಂದು ಎತ್ತಿಕೊಂಡರು ಬಸಕ್ಕ.

ಅಲ್ಲಿಗೆ ನಿಲ್ಲಿಸಲಿಲ್ಲ, ಇಡೀ ಹಾಡು ಹೇಳಿದರು. ಕಿಟಕಿಯ ಗಾಜು ನಡುಗಿತು ಎಂದು ಬರೆದರೆ ಉತ್ಪ್ರೇಕ್ಷೆ ಅನ್ನಿಸುತ್ತದೆ. ಬೆರಳಿಟ್ಟು ನೋಡಿದೆ, ನಡುಗುತ್ತಿತ್ತು. ಸುನಿಲ ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡೇ ಮೆಟ್ಟಿಲಿಳಿದು ಬಂದು ಬಾಗಿಲಲ್ಲಿ ನಿಂತ. ಫ್ರೌ ಕೆಸ್ಲರ್ ಪೆನ್ನು ಕೆಳಗಿಟ್ಟರು. ಅದು ಎಪ್ಪತ್ತೇಳರ ದನಿಯಲ್ಲ, ಇಪ್ಪತ್ತರದು.

ಹಾಡು ಮುಗಿದಾಗ, "ಬಸಕ್ಕಾರ, ನಿಮ್ಮ ಹೆಸರು ಹೇಳ್ರಿ" ಎಂದೆ. ಬಾಯಿ ತೆರೆದರು. ಏನೂ ಬರಲಿಲ್ಲ. ಕಣ್ಣಲ್ಲಿ ನೀರು ಬಂತು.

ಜನವರಿ 21, ಮಂಗಳವಾರ

ಹನ್ನೊಂದು ಹಾಡು ಪೂರ್ತಿ ಬರುತ್ತವೆ. ಮಾತು ಒಂದೂ ಇಲ್ಲ. 'ನೀರು' ಎಂಬ ಪದ ಹಾಡಿನೊಳಗೆ ಮೂರು ಸಲ ಬರುತ್ತದೆ. ಲೋಟ ತೋರಿಸಿ ಕೇಳಿದರೆ ಅದೇ ಪದ ಬರುವುದಿಲ್ಲ.

ಸುನಿಲ ಫ್ಲೇಗೆಹೈಮ್‌ನಿಂದ ಬಂದ ಫೋಟೊ ತೋರಿಸಿದ. ಬಿಳಿ ಹಾಸಿಗೆ, ಬಿಳಿ ಪರದೆ, ಗೋಡೆಗೆ ಒಂದು ಹಡಗಿನ ಚಿತ್ರ. ಏಪ್ರಿಲ್ ಹದಿನೈದಕ್ಕೆ ಹೆಸರು ಬರೆಸಿಟ್ಟಿದ್ದಾನಂತೆ. "ಬ್ಯಾಡ ಅಂದ್ರ ಬಿಡಸಬಹುದು ವೈನಿ" ಎಂದು ನನಗಿಂತ ತನಗೇ ಹೇಳಿಕೊಂಡ.

ಇವತ್ತು ಬೆಳಿಗ್ಗೆ ಎಂದಿನಂತೆ ಒಂದು ಕವಿತೆಯನ್ನು ಬಾಯಿಬಿಟ್ಟು ಓದಿದೆ. ಎಂ.ಎ. ದಿನಗಳಿಂದ ಬಂದ ಚಾಳಿ. ಕವಿತೆ ಕಿವಿಗೆ ಬೀಳದಿದ್ದರೆ ನನಗೆ ಓದಿದಂತಾಗುವುದಿಲ್ಲ. ಹತ್ತೊಂಬತ್ತು ವರ್ಷ ಈ ದೇಶದಲ್ಲಿ ನನ್ನ ಕನ್ನಡ ಬದುಕಿದ್ದು ಹೀಗೆಯೇ.

ಜನವರಿ 31, ಶುಕ್ರವಾರ

ಇವತ್ತು ಮಾತಾಡಿದರು!

ಕ್ರಮವಾಗಿ ಬರೆಯುತ್ತೇನೆ. ರಾಣಿಯ ಹಾಡು ಹೇಳುತ್ತ ಬಸಕ್ಕ ಕುರ್ಚಿಯಿಂದ ಎದ್ದರು. ಹಾಡುತ್ತಲೇ ನನ್ನ ಮಣಿಕಟ್ಟು ಹಿಡಿದು ಎಳೆದು ತಮ್ಮ ಕುರ್ಚಿಯಲ್ಲಿ ಕೂಡಿಸಿದರು. ಮುದುಕಿಯ ಹಿಡಿತವಲ್ಲ ಅದು. ಕೌದಿಯನ್ನು ನನ್ನ ಎದೆಯವರೆಗೆ ಹೊದಿಸಿ ಅಂಚನ್ನು ಸಿಕ್ಕಿಸಿದರು. ಹಿಂದೆ ಸರಿದು ನಿಂತು ನೋಡಿದರು. ಆಮೇಲೆ ರಾಗವಿಲ್ಲದೆ, ಬರಿಯ ಮಾತಿನಲ್ಲಿ, "ಈಗ ಛೊಲೋ ಆತು" ಎಂದರು.

ನಾನು ಸಂತೋಷಕ್ಕೆ ಜಿಗಿದೆದ್ದು "ಸುನಿಲಾ!" ಎಂದು ಕೂಗಿದೆ. ಎದ್ದ ಕ್ಷಣವೇ ಬಸಕ್ಕನ ಬಾಯಿ ಮುಚ್ಚಿಹೋಯಿತು. ಸುನಿಲ ಬಂದ, ಕೇಳಿದ, ಬೇಡಿದ. ಇಲ್ಲ. ನನಗೆ ಏನನ್ನಿಸಿತೋ, ಮತ್ತೆ ಹೋಗಿ ಕೂತು ಕೌದಿ ಹೊದ್ದೆ.

"ಏಳಬ್ಯಾಡ ತಂಗಿ" ಎಂದರು ಬಸಕ್ಕ. ಮಗನ ಕಡೆ ತಿರುಗಿ, "ಸುನ್ಯಾ, ಗಡ್ಡಾ ಯಾಕ ಬಿಟ್ಟೀಯೋ ಭಾಡ್ಯಾ?"

ಸುನಿಲ ನೆಲದ ಮೇಲೆ ಕೂತು ಅತ್ತುಬಿಟ್ಟ.

ಫ್ರೌ ಕೆಸ್ಲರ್‌ಗೆ ಫೋನು ಮಾಡಿದರೆ ಅವರಿಗೆ ಆಶ್ಚರ್ಯವೇ ಇಲ್ಲ. ಆ ಕುರ್ಚಿ ಬಸಕ್ಕನ ಪಾಲಿಗೆ ರೋಗಿಯ ಜಾಗ, ಅದನ್ನು ಬೇರೆಯವರು ತುಂಬಿದರೆ ತಾವು ರೋಗಿಯಲ್ಲ ಎನ್ನಿಸಬಹುದು, ಉಪಯೋಗವಾಗುವುದಾದರೆ ಕೂತುಕೊಳ್ಳಿ ಎಂದರು. ಇಷ್ಟು ಸುಲಭದ ಉಪಕಾರ ನಾನು ಯಾರಿಗೂ ಮಾಡಿಲ್ಲ.

ಫೆಬ್ರವರಿ 4, ಮಂಗಳವಾರ

ಬಸಕ್ಕ ಫೋನೆತ್ತಿ ಮೇಲಿನ ಕೋಣೆಯಲ್ಲಿದ್ದ ಮಗನಿಗೆ ಹೆಸರು, ಊರು, ಮೊಣಕಾಲ ನೋವು ಎಲ್ಲ ಹೇಳಿದರು. ನಾನು ಕುರ್ಚಿಯಲ್ಲಿದ್ದೆ. ನಾನಿಲ್ಲದ ದಿನ ಹೇಗೆ ಎಂದು ಸುನಿಲನಿಗೆ ಚಿಂತೆ. ದಿನಾಲೂ ಬರುತ್ತೇನೆಂದೆ.

ಕುರ್ಚಿಯಲ್ಲಿ ಕೂತಾಗ ಕೋಣೆ ಕಾಯಿಸುವ ಹೈಟ್ಸುಂಗ್‌ನಿಂದ ಒಂದು ಸದ್ದು ಬರುತ್ತದೆ. ಬಿಸಿನೀರು ಓಡಾಡುವ ಸದ್ದೇ ಇರಬೇಕು. ಆದರೆ ಬಹಳ ಜನ ಚಾಪೆಯ ಮೇಲೆ ಸರಿದು ಸರಿದು ಕೂಡುವ ಹಾಗೆ ಕೇಳುತ್ತದೆ.

ಫೆಬ್ರವರಿ 11, ಮಂಗಳವಾರ

ಬಸಕ್ಕ ಚಹಾ ಮಾಡಿ ತಂದುಕೊಟ್ಟರು. ನಾನು ಕುರ್ಚಿಯಲ್ಲೇ ಕುಡಿದೆ. ಅವರು ಸೋಫಾದ ಮೇಲೆ ಕಾಲು ಮಡಚಿ ಕೂತು ಕಂಪನಿಯ ಕತೆ ಹೇಳಿದರು. ಎಷ್ಟು ಚೆನ್ನಾಗಿ ಹೇಳುತ್ತಾರೆ! ಬರೆದಿಡಬೇಕು.

ರಾಣಿ ಸಾಯುವುದು ಕೊನೆಯ ಅಂಕ. ಹಾಡು ಮುಗಿಸಿ ಬಸಕ್ಕ ರಂಗದ ನಡುವೆ ಬೀಳುತ್ತಿದ್ದರು, ಸಖಿ ಬಂದು ಬಿಳಿ ವಸ್ತ್ರ ಹೊದಿಸುತ್ತಿದ್ದಳು. ಅಷ್ಟರಲ್ಲಿ ನೆಲದ ಕ್ಲಾಸಿನಿಂದ ಕೂಗು: "ಒನ್ಸ್ ಮೋರ್!" ಜನ ಕೇಳಿದ ಮೇಲೆ ಸತ್ತ ರಾಣಿ ಏಳಲೇಬೇಕು. ಎದ್ದು, ಮುಂದೆ ಬಂದು, ಕೈಮುಗಿದು, ಸಾಯುವ ಹಾಡನ್ನು ಮತ್ತೊಮ್ಮೆ ಹಾಡಿ, ಹೋಗಿ ಮತ್ತೆ ಸಾಯಬೇಕು. ಕೆಲವು ರಾತ್ರಿ ಏಳೆಂಟು ಸಲ.

"ಆದ್ರ ಹೆಣದ ಜಾಗಾ ಖಾಲಿ ಬಿಡಬಾರ್ದು ತಂಗಿ" ಎಂದರು. "ಅದು ನಮ್ಮ ಕಂಪನಿ ಪದ್ಧತಿ. ಮಾಲಕರ ತಂದಿ ಕಾಲದಿಂದ ಬಂದದ್ದು. ಸತ್ತಾಕಿ ಎದ್ದು ಹಾಡಾಕ ಹೋದ್ಲಂದ್ರ, ವಸ್ತ್ರದ ಕೆಳಗ ಇನ್ನೊಬ್ಬಾಕಿ ಮಲಗಿರಬೇಕು. ಇಲ್ಲಾಂದ್ರ ಆ ಜಾಗಾ ಹುಡಿಕ್ಕೋಂತ ಬರತೈತಿ."

"ಏನು ಬರತೈತ್ರಿ?"

"ಅದನ್ನ ಯಾರ ಕೇಳ್ಯಾರ? ಮಲಗಂದ್ರು, ಮಲಗಿದ್ರು. ಗಂಗವ್ವ ಅಂತ ಇದ್ಲು, ನನ್ನಕಿಂತ ಎರಡ ವರ್ಷ ಸಣ್ಣಾಕಿ. ಏಳ ವರ್ಷ ನನ್ನ ಜಾಗಾ ಹಿಡದ್ಲು. ಮೊದ್ಲ ಭಾಳ ವಟಾವಟಾ ಅಂತಿದ್ಲು. ಬರಬರ್ತಾ ಮಾತ ಕಡಿಮಿ ಆದ್ವು. ಯಾರಿಗೂ ಗೊತ್ತಾಗ್ಲೇ ಇಲ್ಲ ನೋಡು, ವಸ್ತ್ರದ ಕೆಳಗ ಇರಾಕಿ ಮಾತಾಡೂ ಕೆಲಸಾ ಏನಿತ್ತು?"

"ಈಗ ಎಲ್ಲಿದಾರ್ರಿ ಗಂಗವ್ವ?"

ಬಸಕ್ಕ ಕಪ್ಪು ತೊಳೆಯಲು ಎದ್ದು ಹೋದರು.

ಮನೆಗೆ ಬರುವಾಗ ಇಡೀ ದಾರಿ ಇದನ್ನೇ ಯೋಚಿಸಿದೆ. ಸತ್ತವಳನ್ನು ಎಬ್ಬಿಸುವ ಇಷ್ಟು ಸಣ್ಣ ಎರಡು ಇಂಗ್ಲಿಷ್ ಪದ. ಇವರಿಗೆ ಹೇಳಬೇಕೆಂದಿದ್ದೆ. ಊಟದ ಹೊತ್ತಿಗೆ ಆಸೆಯೇ ಹೋಗಿತ್ತು.

ಫೆಬ್ರವರಿ 16, ಭಾನುವಾರ

ಕಲೋನ್‌ನಿಂದ ಮಗಳು ಸಂಜನಾಳ ವಿಡಿಯೊ ಕಾಲ್. ಸೆಮಿಸ್ಟರ್ ಪರೀಕ್ಷೆಗಳು ಮುಗಿದವಂತೆ. ನಾನು ಬಸಕ್ಕನ ಕತೆಯೆಲ್ಲ ಹೇಳಿದೆ. ಅರ್ಧಕ್ಕೆ ಅವಳು, "ಮಮ್ಮಿ, ನೀ ಮ್ಯೂಟ್ ಮಾಡಿ ಇಟ್ಟೀಯೇನ? ಇಷ್ ಹ್ಯೋರೆ ನಿಷ್ಟ್ಸ್, ಏನೂ ಕೇಳವಲ್ದು. ಬರೇ ಬಾಯಿ ಅಳಗ್ಯಾಡಾಕತ್ತೈತಿ" ಎಂದಳು. ಇವರು ಬಂದು ಫೋನು ಇಸಿದುಕೊಂಡರು. ಇವರ ದನಿ ಚೆನ್ನಾಗಿ ಕೇಳಿತಂತೆ. ಈ ಹಳೇ ಫೋನು ಬದಲಿಸಬೇಕು.

ಫೆಬ್ರವರಿ 25, ಮಂಗಳವಾರ

ಬೇಕರಿಯಲ್ಲಿ ಎರಡು ಬೆರಳು ತೋರಿಸಿದರೆ ಎರಡು ಬ್ರೆಟ್ಸೆಲ್ ಕೊಡುತ್ತಾರೆ. ಇಷ್ಟು ವರ್ಷ ಒಂದು ಸಾಲು ಜರ್ಮನ್ ಜೋಡಿಸಲು, ಅದರ ಲಿಂಗ ವಿಭಕ್ತಿ ಸರಿಪಡಿಸಲು ಎಷ್ಟು ಹೆಣಗಾಡಿದ್ದೇನೆ! ಈಗ ಜನ ಮೊದಲಿಗಿಂತ ಮೃದುವಾಗಿದ್ದಾರೆ. ಕೆಳಗಿನ ಮನೆಯ ಅಜ್ಜಿ ನಮ್ಮ ಸರದಿಯ ಮೆಟ್ಟಿಲನ್ನೂ ತಾವೇ ಗುಡಿಸಿ, ನನ್ನ ತೋಳು ಸವರಿ ಹೋದರು.

ಕುರ್ಚಿಯ ಬಗ್ಗೆ ಇಲ್ಲಿ ಮಾತ್ರ ಬರೆಯಬಹುದು. ಕೌದಿ ಹೊದ್ದು ಕಣ್ಣು ಮುಚ್ಚಿದರೆ ಆ ಸದ್ದು ಈಗ ಸ್ಪಷ್ಟವಾಗಿದೆ. ಕೆಮ್ಮು, ಮಗುವಿನ ಅಳು, ತಡವಾಗಿ ಬಂದವರಿಗೆ ಜಾಗ ಬಿಡುವ ಗುಸುಗುಸು. ತುಂಬಿದ ಥೇಟರು. ಅವರೆಲ್ಲ ಬಸಕ್ಕನನ್ನು ನೋಡುತ್ತಾರೆ, ನಿಜ. ಆದರೆ ವಸ್ತ್ರದ ಕೆಳಗೆ ನಾನಿದ್ದೇನೆಂದು ಅವರಿಗೆ ಗೊತ್ತು. ಈ ಊರಲ್ಲಿ ಹತ್ತೊಂಬತ್ತು ವರ್ಷದಲ್ಲಿ ಇಷ್ಟು ಜನಕ್ಕೆ ಒಮ್ಮೆಲೇ ನನ್ನ ಇರವು ಗೊತ್ತಾದದ್ದು ಇದೇ ಮೊದಲು.

ಬೆಳಗಿನ ಕವಿತೆಯನ್ನು ಈಗ ಸುಮ್ಮನೆ ನೋಡುತ್ತೇನೆ. ಅದೂ ನನ್ನನ್ನು ನೋಡುತ್ತದೆ.

ಮಾರ್ಚ್ 7, ಶುಕ್ರವಾರ

ಬೀಡಿಯ ಹೊಗೆ. ಹಸಿ ಮಣ್ಣು. ಪೆಟ್ರೊಮ್ಯಾಕ್ಸ್. ಕೌದಿಯ ವಾಸನೆಯೇ ಇರಬೇಕು.

ಮಾರ್ಚ್ 18, ಮಂಗಳವಾರ

ಇವರು ರಜೆ ಹಾಕಿ ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಯಾಕೆಂದು ಕೇಳಿದೆ. ಉತ್ತರ ಕೊಡಲಿಲ್ಲ.

ಡಾಕ್ಟರು ಹೆಸರು ಕೇಳಿದರು, ಹೇಳಿದೆ. ಅವರು ಇವರ ಮುಖ ನೋಡಿದರು. ಇವತ್ತು ಯಾವ ವಾರ ಎಂದು ಕೇಳಿದರು, ಅದನ್ನೂ ಹೇಳಿದೆ. ಮತ್ತೆ ಇವರ ಮುಖ ನೋಡಿದರು. ಹೈಲ್‌ಬ್ರಾನ್‌ಗೆ ಕಳಿಸಿ ತಲೆಯ ಚಿತ್ರ ತೆಗೆಸಿದರು. ಅಲ್ಲಿ ಏನೂ ಇಲ್ಲ.

ಕಾರಿನಲ್ಲಿ ಇವರು ಸ್ಟೇರಿಂಗ್ ಹಿಡಿದುಕೊಂಡು ಗಾಡಿ ಶುರು ಮಾಡದೆ ಕೂತಿದ್ದರು. "ನನ್ನ ಮ್ಯಾಲ ಸಿಟ್ಟೇನ? ಏನರ ತಪ್ಪ ಮಾಡೀನೇನ? ಬೈಯರೆ ಬೈಯಿ, ಮಾರಾಯ್ತಿ. ಮನ್ಯಾಗ ನನ್ನ ಸಪ್ಪಳಾ ನನಗ ಅಂಜಿಕಿ ಬರಾಕತ್ತೈತಿ."

ಪಾಪ, ಕೆಲಸದ ಒತ್ತಡ. ಮೊದಲು ನನ್ನ ಮಾತು ಹೆಚ್ಚಾಯಿತೆಂದು ಗೇಲಿ ಮಾಡುತ್ತಿದ್ದವರು. ಕೈಮೇಲೆ ಕೈಯಿಟ್ಟೆ.

ಮಾರ್ಚ್ 30, ಭಾನುವಾರ

ಯುಗಾದಿ. ಬಸಕ್ಕ ತಾವೇ ಫೋನು ಮಾಡಿ ಇವರ ಜೊತೆ ಇಪ್ಪತ್ತು ನಿಮಿಷ ಮಾತಾಡಿದರು. ಈಗ ನಾನು ಕುರ್ಚಿಯಲ್ಲಿ ಇಲ್ಲದಾಗಲೂ ಅವರಿಗೆ ಮಾತು ಬರುತ್ತದೆ. "ದ್ವಾರಕನಾಥಪ್ಪಾ, ಹೋಳಗಿ ಮಾಡೀನಿ, ಇಬ್ಬರೂ ಬರ್ರಿ. ಆಕಿಗೊಂದೀಟ ಫೋನ್ ಕೊಡು" ಎನ್ನುವುದು ನನಗೂ ಕೇಳಿಸಿತು. ಇವರು ಫೋನು ನನ್ನ ಕಿವಿಗೆ ಹಿಡಿದರು. ಹಬ್ಬದ ಶುಭಾಶಯ ಹೇಳಿದೆ. ಆ ಕಡೆಯಿಂದ ಬಸಕ್ಕ, "ಗಂಗವ್ವಾ?" ಎಂದರು. ಮರೆವು. ವಯಸ್ಸಾಯಿತಲ್ಲ.

ಏಪ್ರಿಲ್ 1, ಮಂಗಳವಾರ

ಗೆದ್ದೆವು. ಬಸಕ್ಕ ಫ್ಲೇಗೆಹೈಮ್‌ಗೆ ಹೋಗುವುದಿಲ್ಲ.

ವಿಮೆಯವರ ಕಡೆಯಿಂದ ಪರೀಕ್ಷೆ ಮಾಡಲು ಹೆಂಗಸೊಬ್ಬರು ಬಂದಿದ್ದರು. ಬಸಕ್ಕ ಇಳಕಲ್ ಸೀರೆ ಉಟ್ಟು, ಮುಖಕ್ಕೆ ತೆಳ್ಳಗೆ ಪೌಡರ್ ಹಚ್ಚಿ, ಬಾಗಿಲಲ್ಲೇ "ಗೂಟನ್ ಟಾಗ್" ಎಂದು ಬರಮಾಡಿಕೊಂಡರು. ಹೆಸರು, ವಯಸ್ಸು, ವಾರ, ಒಲೆ ಆರಿಸುವುದು, ಫೋನು ಮಾಡುವುದು. ಸುನಿಲ ಅನುವಾದ ಮಾಡುತ್ತಿದ್ದ. ಮಧ್ಯೆ ಬಸಕ್ಕ, "ಈಕಿಗೆ ಕೇಳು, ಮದಿವಿ ಆಗೇತೇನಂತ" ಎಂದರು. ಸುನಿಲ, "ಅವ್ವಾ, ಸುಮ್ಕಿರ" ಎಂದ. ಆ ಹೆಂಗಸಿಗೂ ಏನೋ ತಿಳಿದು ನಕ್ಕರು. ನಾನು ಕಿಟಕಿಯ ಪಕ್ಕ ನನ್ನ ಕುರ್ಚಿಯಲ್ಲಿದ್ದೆ.

ಕಾಗದಗಳನ್ನು ಚೀಲಕ್ಕೆ ತುಂಬುವಾಗ ಆಕೆ ಒಂದು ಕ್ಷಣ ನಿಂತು ನನ್ನನ್ನು ನೋಡಿದರು. ಸುನಿಲನ ಹತ್ತಿರ ಸರಿದು, ರೋಗಿಗಳ ಮುಂದೆ ಮಾತಾಡುವ ಆ ತಗ್ಗಿದ ದನಿಯಲ್ಲಿ ಕೇಳಿದರು: "ಆ ಇನ್ನೊಬ್ಬರ ಪರವಾಗಿ ಅರ್ಜಿ ಹಾಕಿದ್ದೀರಾ?"

ಬಸಕ್ಕ ಹೊರಳಿ ನೋಡಿದರು.

ನಾನು ನಕ್ಕು, ನಾನು ಇದೇ ಊರಿನವಳು, ಸಹಾಯಕ್ಕೆ ಬಂದವಳು ಎಂದು ಒಳ್ಳೆಯ ಜರ್ಮನ್‌ನಲ್ಲೇ ಹೇಳಿದೆ. ವ್ಯಾಕರಣವೂ ತಪ್ಪಲಿಲ್ಲ. ಆಕೆ ನಾನು ಮುಗಿಸುವವರೆಗೆ ತಾಳ್ಮೆಯಿಂದ ನನ್ನ ತುಟಿ ನೋಡಿದರು. ಆಮೇಲೆ ಒಂದು ಖಾಲಿ ಫಾರ್ಮು ತೆಗೆದು ಮೇಜಿನ ಮೇಲೆ, ನನ್ನ ಕಡೆಗೆ ಮುಖ ಮಾಡಿ ಇಟ್ಟು ಹೋದರು.

ಏಪ್ರಿಲ್ 4, ಶುಕ್ರವಾರ

ನಾನು ಹೋಗುವಷ್ಟರಲ್ಲಿ ಬಸಕ್ಕ ಕುರ್ಚಿಯ ಮುಂದೆ ನಿಂತಿದ್ದರು. ಪೌಡರ್ ಇಲ್ಲ. ಕೂದಲು ಬಾಚಿರಲಿಲ್ಲ. ಅವರನ್ನು ಬಳಸಿಕೊಂಡು ಹೋಗಿ ಕೂತೆ.

"ಏಳು ತಂಗಿ" ಎಂದರು. "ಅದು ನನ್ನ ಜಾಗಾ."

ನಾನು ಕೌದಿ ಸರಿಪಡಿಸಿಕೊಂಡೆ.

ಅವರು ನೆಲಕ್ಕೆ ಕೂತು ನನ್ನ ಪಾದ ಹಿಡಿದುಕೊಂಡರು. "ಗಂಗವ್ವನ್ನ ನಾ ಒಂದ ದಿನಾನೂ ಕೇಳಲಿಲ್ಲ, ಯವ್ವಾ. ಸಾಕಾತೇನ, ಎದ್ದೇಳ್ತೀಯೇನ ಅಂತ. ನನಗ ಜನರ ಕೂಗ ಒಂದ ಕೇಳತಿತ್ತು. ಕಡೀ ಸಲ ಮಲಗಾಕ ಹೋದಾಗ ವಸ್ತ್ರ ಎತ್ತಿ ನೋಡ್ತೀನಿ, ಕಣ್ಣ ತಕ್ಕೊಂಡ ಅದಾಳ, ಆಕಿ ಒಳಗ ಯಾರೂ ಇಲ್ಲ. ಅದನ್ನ ಮರಿಯಾಕ ನನಗ ಲಕ್ವಾನ ಬೇಕಾತು." ಉಸಿರು ಎಳೆದುಕೊಂಡರು. "ಜಾಗಾ ತಿರುಗಿ ಕೊಡಾಕ ಒಂದ ಮಾತೈತಿ. 'ಬಿಟ್ಟೆ' ಅನ್ನಬೇಕು. ಬಾಯಿಬಿಟ್ಟ ಅನ್ನಬೇಕು. ಅಂದ್ರ ನಾ ಬಂದು ಕುಂದ್ರತೇನಿ. ಏನರ ಆಗಲಿ, ಫ್ಲೇಗೆಹೈಮಿಗೆ ಹೋಗ್ತೇನಿ. ನನ್ನ ಹಾಡ ಮುಗದಾವ. ಅನ್ನು, ನನ್ನವ್ವ. ಬಿಟ್ಟೆ."

ಮೇಲಿನ ಕೋಣೆಯಲ್ಲಿ ಸುನಿಲ ಫೋನಿನಲ್ಲಿ ನಗುತ್ತಿದ್ದ. ಹೆಸರು ಬಿಡಿಸಿದ್ದೇವೆ, ಅವ್ವ ನಮ್ಮ ಜೊತೆಗೇ ಇರುತ್ತಾಳೆ ಎಂದು ಮೇಘಾಗೆ ಹೇಳುತ್ತಿದ್ದ. ನಾನು ಆ ಪದ ಅಂದರೆ ಆ ಬಿಳಿ ಕೋಣೆ, ಆ ಹಡಗಿನ ಚಿತ್ರ. ಸುನಿಲ ಹೇಳಿದ ಆ ಎರಡು ತಿಂಗಳು.

ಆ ಪದ ನನಗೆ ಬರುತ್ತದೆ. ಬರದೇ ಏನು? ಬಿಟ್ಟೆ. ಇಗೋ, ಎಷ್ಟು ಲಕ್ಷಣವಾಗಿ ಬರೆದಿದ್ದೇನೆ. ಬಿಟ್ಟೆ, ಬಿಟ್ಟೆ. ಬಾಯಿ ತೆರೆದೆ ಕೂಡ. ಆಗ ಥೇಟರಿನ ಗುಸುಗುಸು ಒಮ್ಮೆಲೇ ನಿಂತಿತು. ಮಗುವಿನ ಅಳುವೂ ನಿಂತಿತು. ಅಷ್ಟೂ ಜನ ಉಸಿರು ಹಿಡಿದು ಕಾಯುತ್ತಿದ್ದರು, ನನಗಾಗಿ. ಅಂಥ ಮೌನವನ್ನು ಒಂದು ಪದದಿಂದ ಕೆಡಿಸಲು ನನಗೆ ಮನಸ್ಸಾಗಲಿಲ್ಲ. ಬಾಯಿ ಮುಚ್ಚಿದೆ.

ಕೌದಿಯನ್ನು ಮುಖದ ಮೇಲೆ ಎಳೆದುಕೊಂಡೆ.

ಬಸಕ್ಕ ಅತ್ತರು. ಅಳು ಅವರ ಗಂಟಲಲ್ಲಿ ಅಳುವಾಗಿ ಉಳಿಯುವುದಿಲ್ಲ, ಪಾಪ. ತಾನಾಗಿಯೇ ರಾಗಕ್ಕೆ ತಿರುಗಿತು. ಸಖಿಯೆ, ದೀಪವ ಸಣ್ಣಗೆ ಮಾಡೆ. ಕೊನೆಯವರೆಗೂ ಹಾಡಿದರು. ಮುಗಿದಾಗ, ತೀರ ಹಿಂದಿನ ಸಾಲಿನಿಂದ ಒಬ್ಬಳು "ಒನ್ಸ್ ಮೋರ್!" ಎಂದು ಕೂಗಿದಳು. ಕೇಳಿ ಬಹಳ ದಿನವಾಗಿತ್ತು, ಆದರೂ ಗುರುತು ಹತ್ತಿತು. ನನ್ನದೇ ದನಿ.